ಮೂರು ಅಂದಿದ್ದು ಎಂಟಾದಾಗ: ಡಬ್ಲಿನ್ನಿನ ಒಂದು ಓಣಿಯ ಕತಿ

ಆಟದ ಮೈದಾನದ ಇತಿಹಾಸ ಅಂದ್ರ ಯಾರು ಗೆದ್ರು, ಯಾರು ಸೋತ್ರು, ಎಷ್ಟು ಮಂದಿ ಕೂಡಾಕ ಜಾಗಾ ಐತಿ, ಇಷ್ಟ ಬರೀತಾರ. ಆ ಮೈದಾನದ ಗ್ವಾಡಿಗೆ ಹತ್ತಿ ಮನಿ ಮಾಡ್ಕೊಂಡವರು ಆ ಲೆಕ್ಕದಾಗ ಬರಂಗಿಲ್ಲ. ಕೂಸಿನ್ನ ಮಲಗಿಸೋಕಿ, ಜಡ್ಡಾದ ಅತ್ತಿಗೆ ಔಷಧ ಕೊಡಾಕಿ, ನಾಳೆ ಪರೀಕ್ಷಾ ಐತೆಂತ ಓದಾಕ ಕುಂತ ಹುಡುಗಿ, ಇವರೂ ಆ ಮೈದಾನದ ಇತಿಹಾಸದಾಗ ಅದಾರ. ಇವತ್ತ ಅಂಥವರ ಕತಿ ಹೇಳ್ತೀನಿ. ಊರು ದೂರದ್ದು, ಐರ್ಲೆಂಡಿನ ಡಬ್ಲಿನ್. ಮೈದಾನದ ಹೆಸರು ಕ್ರೋಕ್ ಪಾರ್ಕ್. ಕತಿ ಮಾತ್ರ ಯಾವ ಊರಿಗೂ ದೂರಲ್ಲ, ಓದಿದ್ರ ನಿಮಗ ಗೊತ್ತಾಗ್ತೈತಿ.

ಮೊದಲ ಜಾಗಾ ಹೆಂಗೈತಿ ಅಂತ ಕಣ್ಣ ಮುಂದ ತಂದ್ಕೋರಿ. ಡಬ್ಲಿನ್ ಪ್ಯಾಟಿಯ ಉತ್ತರಕ್ಕ, ನಡಕೊಂಡ ಹೋಗೂವಷ್ಟ ದೂರದಾಗ, ಕೆಂಪು ಇಟ್ಟಂಗಿಯ ಸಾಲುಮನಿಗಳು. ಒಂದ ಮನಿ ಗ್ವಾಡಿ ಇನ್ನೊಂದ ಮನಿಗೆ ಹತ್ತಿರತೈತಿ, ಮುಂದ ಒಂದ ಸಣ್ಣ ಬಾಗಲಾ, ಹಿಂದ ಹಿತ್ತಲ. ಜೋನ್ಸ್ ರೋಡ್, ಕ್ಲೋನ್ಲಿಫ್ ರೋಡ್ ಅಂತ ಓಣಿಗಳ ಹೆಸರು. ಒಂದ ಕಡೆ ರಾಯಲ್ ಕೆನಾಲ್ ಅನ್ನೋ ಹಳೇ ಕಾಲವಿ, ಮಗ್ಗಲಕ್ಕ ರೈಲ್ವೆ ಹಳಿ. ಇವೆಲ್ಲದರ ನಡುವ, ಮನಿಗಳ ಮಾಡಕ್ಕಿಂತ ಎಷ್ಟೋ ಪಟ್ಟು ಎತ್ತರಕ್ಕ, ಕಾಂಕ್ರೀಟು-ಕಬ್ಬಿಣದ ಕ್ರೀಡಾಂಗಣ ನಿಂತೈತಿ. ಹಿತ್ತಲದಾಗ ಅರಿವಿ ಒಣಗ ಹಾಕಾಕ ಬಂದ್ರ ತೆಲಿ ಮ್ಯಾಲೆ ಅದ.

ಮೈದಾನ ಮೊದಲಿಂದ ಇಷ್ಟ ದೊಡ್ಡದಾಗಿ ಇದ್ದಿಲ್ಲ. ಐರ್ಲೆಂಡಿನ ಮಂದಿ ತಮ್ಮ ದೇಶದ ಹಳೇ ಆಟಗಳನ್ನ, ಅಂದ್ರ ಕೋಲಿನಿಂದ ಚೆಂಡು ಹೊಡಿಯೋ ಹರ್ಲಿಂಗು, ಅವರದ ಪದ್ಧತಿಯ ಗೇಲಿಕ್ ಫುಟ್ಬಾಲು, ಇವನ್ನ ಉಳಿಸ್ಬೇಕು ಅಂತ 1884ರಾಗ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಅಂತ ಒಂದ ಸಂಘ ಕಟ್ಟಿದ್ರು. ಬ್ರಿಟಿಷರ ಆಳ್ವಿಕಿ ಇದ್ದ ಕಾಲ ಅದು. ಆಟ ಆಡೋದೂ ಒಂದ ರೀತಿ ಸ್ವಾಭಿಮಾನ ತೋರ್ಸೋದ ಆಗಿತ್ತು. ಸಂಘಕ್ಕ ಸ್ವಂತ ಜಾಗಾ ಇದ್ದಿಲ್ಲ. ಫ್ರಾಂಕ್ ಡಿನೀನ್ ಅನ್ನೋರು 1908ರಾಗ ಜೋನ್ಸ್ ರೋಡಿನ ಈ ಬಯಲ 3,250 ಪೌಂಡಿಗೆ ತಗೊಂಡು ಇಟ್ಟುಕೊಂಡಿದ್ರು. 1913ರಾಗ ಸಂಘ ಅವರ ಕಡಿಂದ 3,500 ಪೌಂಡಿಗೆ ಅದನ್ನ ಕೊಂಡು, ಸಂಘದ ಮೊದಲ ಪೋಷಕರೊಳಗ ಒಬ್ರಾದ ಆರ್ಚ್‌ಬಿಷಪ್ ಥಾಮಸ್ ಕ್ರೋಕ್ ಅವರ ಹೆಸರಿಟ್ಟಿತು. ಇವತ್ತಿಗೂ ಅಲ್ಲೆ ಆಡೋ ಆಟಗಾರರು ಪಗಾರ ತಗೋಳಂಗಿಲ್ಲ. ಸಾಲಿ ಮಾಸ್ತರು, ರೈತ, ಬ್ಯಾಂಕಿನ್ಯಾಗ ಕೆಲಸ ಮಾಡೋರು, ಇಂಥವರ ಆಡ್ತಾರ. ಹಿಂಗಾಗಿ ಅಲ್ಲಿನ ಮಂದಿಗೆ ಅದು ಬರೇ ಮೈದಾನಲ್ಲ, ಊರ ದೇವಸ್ಥಾನ ಇದ್ದ ಹಂಗ.

ಅದಕ್ಕ ಇನ್ನೊಂದ ಕಾರಣ ಐತಿ. 1920ರ ನವೆಂಬರ್ 21, ರವಿವಾರ. ಸ್ವಾತಂತ್ರ್ಯಕ್ಕಾಗಿ ಹೋರಾಟ ನಡದಿತ್ತು. ಅವತ್ತ ಮುಂಜಾನೆ ಹೋರಾಟಗಾರರು ಬ್ರಿಟಿಷರ ಗುಪ್ತಚರರನ್ನ ಹುಡುಕಿ ಕೊಂದಿದ್ರು. ಮಧ್ಯಾನ ಕ್ರೋಕ್ ಪಾರ್ಕಿನ್ಯಾಗ ಡಬ್ಲಿನ್ ಮತ್ತು ಟಿಪರೇರಿ ತಂಡದ ಆಟ. ಆಟ ಸುರು ಆಗಿ ಸ್ವಲ್ಪ ಹೊತ್ತಿನ್ಯಾಗ ಬ್ರಿಟಿಷ್ ಪೊಲೀಸರ ಪಡೆ ಒಳಗ ನುಗ್ಗಿ ಮಂದಿ ಮ್ಯಾಲೆ ಗುಂಡು ಹಾರಿಸಿತು. ಮಂದಿ ಗ್ವಾಡಿ ಜಿಗಿದು ದಿಕ್ಕಾಪಾಲಾಗಿ ಓಡಿದ್ರು. ಒಟ್ಟು 14 ಜನ ಸತ್ರು. ಟಿಪರೇರಿಯ ಆಟಗಾರ ಮೈಕಲ್ ಹೋಗನ್ ಮೈದಾನದ ಮ್ಯಾಲೆನ ಹೋದ. ಹತ್ತು, ಹನ್ನೊಂದು, ಹದಿನಾಲ್ಕು ವರ್ಷದ ಮೂರು ಹುಡುಗ್ರು ಹೋದ್ರು. ಜೇನ್ ಬಾಯ್ಲ್ ಅನ್ನೋ ಹುಡುಗಿ, ಲಗ್ನಕ್ಕ ಇನ್ನ ಕೆಲವ ದಿನ ಉಳದಿದ್ವು, ಮದುವಿ ಆಗೋ ಹುಡುಗನ ಜೋಡಿ ಆಟ ನೋಡಾಕ ಬಂದಾಕಿ, ಅಲ್ಲೆ ಗುಂಡಿಗೆ ಬಲಿ ಆದ್ಲು. ಮೈದಾನದ ಒಂದ ಬದಿಗೆ ಈಗೂ ಹೋಗನ್ ಸ್ಟ್ಯಾಂಡ್ ಅಂತನ ಕರೀತಾರ.

ಇದನ್ನ ಯಾಕ ಹೇಳಿದೆ ಅಂದ್ರ, ಆ ಓಣಿಯವರು ಮೈದಾನದ ವೈರಿಗಳಲ್ಲ. ಅವರ ಅಜ್ಜ-ಮುತ್ತಜ್ಜ ಆ ಮೈದಾನದ ಜೋಡಿನ ಬೆಳದವರು. ರವಿವಾರ ಮಧ್ಯಾನ ಆಟ, ಸಂಜಿಕ್ಕ ಮಂದಿ ಚಾ ಕುಡದು ಮನಿಗೆ. ಬಾಗಲಾ ಮುಂದ ಕುಂತು ಹೋಗೋ ಮಂದಿನ್ನ ನೋಡೋದ ಅವರಿಗೆ ಜಾತ್ರಿ ಇದ್ದ ಹಂಗ. 1961ರ ಫುಟ್ಬಾಲ್ ಫೈನಲ್ಲಿಗೆ 90,556 ಮಂದಿ ಬಂದಿದ್ರು, ಅದ ಇವತ್ತಿಗೂ ಅಲ್ಲಿನ ದಾಖಲೆ. ಅಷ್ಟ ಮಂದಿ ಬಂದ್ರೂ ಕೂಗಿದ್ದು ಬಾಯಿಲೆ. ಮನಶಾರ ಬಾಯಿಗೆ ದಣಿವು ಅನ್ನೋದೊಂದ ಐತಿ. ಯಂತ್ರಕ್ಕ ಅದಿಲ್ಲ.

ನಿಧಾನಕ ಆಟ ಬಿಟ್ಟು ಬ್ಯಾರೆ ಕಾರ್ಯಕ್ರಮಗಳೂ ಬಂದ್ವು. 1972ರಾಗ ಮುಹಮ್ಮದ್ ಅಲಿ ಅಲ್ಲೆ ಬಾಕ್ಸಿಂಗ್ ಆಡಿದ. 1985ರಾಗ ಅವರದ ಊರಿನ ಯೂ-ಟೂ ಅನ್ನೋ ಹಾಡಿನ ತಂಡ ದೊಡ್ಡ ಕಾರ್ಯಕ್ರಮ ಕೊಟ್ಟಿತು. ಆಮ್ಯಾಲೆ 1990ರ ದಶಕ ಬಂತು. ಹಳೇ ಸ್ಟ್ಯಾಂಡುಗಳು ಜೀರ್ಣಾಗಿದ್ವು, ಸಂಘ ಎಲ್ಲಾ ಒಡದು ಹೊಸಾದ ಕಟ್ಟೋ ವಿಚಾರ ಮಾಡಿತು. 1993ರ ಸುಮಾರಿಗೆ ಕೆಲಸ ಸುರು ಆಗಿ, ಒಂದೊಂದ ಬದಿ ಕೆಡವಿ ಒಂದೊಂದ ಬದಿ ಕಟ್ಟಿ, 2005ಕ್ಕ ಮುಗೀತು. ಹನ್ನೆರಡು ವರ್ಷ! ನಮ್ಮ ಮಗ್ಗಲ ಮನಿಯವರು ಮ್ಯಾಲೆ ಒಂದ ಅಂತಸ್ತು ಏರಿಸಿದ್ರ ಆರ ತಿಂಗಳಿನ್ಯಾಗ ನಮಗ ಸಾಕಾಗಿ ಹೋಗ್ತೈತಿ. ಮುಗದ ಮ್ಯಾಲೆ ಮೂರು ಅಂತಸ್ತಿನ ಸ್ಟ್ಯಾಂಡು, 82,300 ಮಂದಿಗೆ ಜಾಗಾ. ಯುರೋಪಿನ ದೊಡ್ಡ ಕ್ರೀಡಾಂಗಣಗಳೊಳಗ ಒಂದು.

ಇಂಥಾ ಕಟ್ಟಡಕ್ಕ ರೊಕ್ಕ ಎಲ್ಲಿಂದ ಬರಬೇಕು? ವರ್ಷದಾಗ ಆಟ ನಡಿಯೋ ದಿನ ಬೆರಳ ಮ್ಯಾಲೆ ಎಣಿಸೋವಷ್ಟು. ಉಳದ ದಿನ ಖಾಲಿ. ಖಾಲಿ ಮೈದಾನಕ್ಕ ಬಾಡಗಿ ಬರಬೇಕಂದ್ರ ಹಾಡಿನ ಕಾರ್ಯಕ್ರಮ ಬೇಕು. ಇಲ್ಲೆ ಓಣಿಯವರಿಗೂ ಮೈದಾನದವರಿಗೂ ಮೊದಲ ಕೊಸರಾಟ ಸುರು ಆತು. ಕಡೀಕ ಒಂದ ಕರಾರು ಬಂತು. ಕಟ್ಟಡದ ಪರವಾನಿಗಿ ಒಳಗನ, ಆಟ ಬಿಟ್ಟು ವಿಶೇಷ ಕಾರ್ಯಕ್ರಮ ಅಂತ ಮಾಡೋದಿದ್ರ ವರ್ಷಕ್ಕ ಮೂರು ಅಂತ ಕುಂತಿತು. ಅದಕ್ಕಿಂತ ಹೆಚ್ಚು ಮಾಡೋದಿದ್ರ ಪ್ರತಿ ಸಲ ಡಬ್ಲಿನ್ ನಗರಸಭೆಗೆ ಬ್ಯಾರೆ ಅರ್ಜಿ ಹಾಕಿ ಲೈಸೆನ್ಸ್ ತಗೋಬೇಕು. 2000ದ ಯೋಜನಾ ಕಾಯ್ದೆ ಪ್ರಕಾರ 5,000 ಮತ್ತು ಅದಕ್ಕಿಂತ ಹೆಚ್ಚು ಮಂದಿ ಸೇರೋ ಬಯಲ ಕಾರ್ಯಕ್ರಮಕ್ಕ ಲೈಸೆನ್ಸ್ ಬೇಕ ಬೇಕು.

ಈ "ಮೂರು" ಅನ್ನೋ ಅಂಕಿ ನಿಮಗ ಸಣ್ಣದ ಅನಿಸಬಹುದು. ಆ ಓಣಿಯವರಿಗೆ ಅದ ಗ್ವಾಡಿ ಇದ್ದ ಹಂಗ. ಯಾಕಂತ ತಿಳಕೋಬೇಕಂದ್ರ ಸಪ್ಪಳದ ಬಗ್ಗೆ ಸ್ವಲ್ಪ ತಿಳಕೋಬೇಕು.

ಸಪ್ಪಳ ಅಳಿಯೋದು ಡೆಸಿಬಲ್ ಲೆಕ್ಕದಾಗ. ಇದು ಅಕ್ಕಿ-ಬ್ಯಾಳಿ ತೂಕದ ಹಂಗ ಅಲ್ಲ. ಹತ್ತು ಡೆಸಿಬಲ್ ಏರಿದ್ರ ನಮ್ಮ ಕಿವಿಗೆ ಹೆಚ್ಚೂ ಕಡಿಮಿ ಎರಡ ಪಟ್ಟು ಜೋರು ಕೇಳಿಸ್ತೈತಿ. ನಮ್ಮ ದೇಶದಾಗ 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮಂದಿ ವಾಸ ಮಾಡೋ ಕಡೆ ಹಗಲು 55 ಡೆಸಿಬಲ್, ರಾತ್ರಿ 45. ಬ್ರಿಟನ್ನಿನ್ಯಾಗ 1995ರಾಗ ಬಯಲ ಸಂಗೀತ ಕಾರ್ಯಕ್ರಮಕ್ಕಂತನ ಒಂದ ಮಾರ್ಗಸೂಚಿ ಮಾಡಿದ್ರು. ಊರ ನಡುವಿನ ಕ್ರೀಡಾಂಗಣದಾಗ ಕಾರ್ಯಕ್ರಮ ಆದ್ರ ಸುತ್ತಲಿನ ಮನಿಗಳ ಮುಂದ 75 ಡೆಸಿಬಲ್ ತನಕ ನಡೀತೈತಿ ಅಂತ ಅದರಾಗ ಬರದಾರ. ಅಂದ್ರ ನಮ್ಮ ಹಗಲಿನ ಮಿತಿಗಿಂತ 20 ಹೆಚ್ಚು, ಕಿವಿಗೆ ನಾಲ್ಕ ಪಟ್ಟು. ಆದ್ರ ಈ 75ಕ್ಕ ಒಂದ ಷರತ್ತು ಹಾಕ್ಯಾರ: ವರ್ಷಕ್ಕ ಒಂದರಿಂದ ಮೂರ ದಿನ ಇದ್ದ ಕಡೆ ಮಾತ್ರ. ಅದಕ್ಕಿಂತ ಹೆಚ್ಚ ದಿನ ಮಾಡೋದಿದ್ರ ಸಪ್ಪಳ ಭಾಳ ಇಳಿಸಬೇಕು. ನೋಡ್ರಿ, ಮೂರು ಅನ್ನೋದು ಯಾರೋ ಮುದುಕಿ ಹಟ ಹಿಡದು ಹೇಳಿದ ಅಂಕಿ ಅಲ್ಲ. ಶಬ್ದದ ಅಭ್ಯಾಸ ಮಾಡಿದವರೂ ಇಷ್ಟು ದಿನ ಆದ್ರ ಮನಶಾ ತಡೀತಾನ, ಇದಕ್ಕಿಂತ ಹೆಚ್ಚಾದ್ರ ತಡಿಯಂಗಿಲ್ಲ ಅಂತ ಅಲ್ಲೇ ಗೆರಿ ಎಳದಾರ.

ಇನ್ನೊಂದ ಮಾತು. ಡೊಳ್ಳು ಮತ್ತ ಸನಾದಿ ಎರಡೂ ಒಂದ ಕಡೆ ನುಡಿಸಿದ್ರ ದೂರದ ಊರಿಗೆ ಯಾವುದು ಕೇಳಿಸ್ತೈತಿ? ಡೊಳ್ಳು. ಸನಾದಿ ಸಣ್ಣ ದನಿ, ಗಾಳ್ಯಾಗ ಕರಗಿ ಹೋಗ್ತೈತಿ, ಕಿಡಕಿ ಹಾಕಿದ್ರ ನಿಲ್ತೈತಿ. ಡೊಳ್ಳಿನ ದಪ್ಪ ದನಿ ಗ್ವಾಡಿ ದಾಟಿ ಬರ್ತೈತಿ, ಎದಿಯೊಳಗ ಬಡಿತೈತಿ, ಮಾಡದಾಗಿನ ಭಾಂಡೆ ನಡಗ್ತಾವ. ದೊಡ್ಡ ಸ್ಪೀಕರಿನ ಬೇಸ್ ಅಂತಾರಲ್ಲ, ಅದ ಇದು. ಅದಕ್ಕ ಎರಡೆರಡ ಗಾಜಿನ ಕಿಡಕಿ ಹಾಕಿಸಿದ್ರೂ ಅಷ್ಟಕ್ಕಷ್ಟ. ಮತ್ತ ಕಾರ್ಯಕ್ರಮ ಅಂದ್ರ ಬರೇ ಆ ಮೂರು ತಾಸಲ್ಲ. ಅದಕ್ಕಿಂತ ಮೊದಲ ವೇದಿಕಿ ಕಟ್ಟೋ ಲಾರಿಗಳು, ಹಿಂದಕ್ಕ ಸರಿಯೋ ಮುಂದ ಪೀಂ ಪೀಂ ಅನ್ನೋ ಸಪ್ಪಳ, ಸ್ಪೀಕರ್ ಪರೀಕ್ಷಾ, ಕಬ್ಬಿಣ ಬಡಿಯೋದು. ಮುಗದ ಮ್ಯಾಲೆ ಅದನ್ನೆಲ್ಲಾ ಬಿಚ್ಚೋದು, ಅದೂ ರಾತ್ರೋರಾತ್ರಿ. ಕಾರ್ಯಕ್ರಮದ ದಿನ ಓಣಿಗೆ ಪೊಲೀಸರ ಅಡ್ಡಗಟ್ಟಿ. ಸ್ವಂತ ಮನಿಗೆ ಹೋಗಾಕ ಪಾಸು ತೋರಿಸಬೇಕು. ತವರಮನಿಯವರು ಬಂದ್ರ ಓಣಿ ತುದಿಗೆ ನಿಂದ್ರಬೇಕು.

ಬಿಚ್ಚೋ ಸಪ್ಪಳದ್ದ ಒಂದ ದೊಡ್ಡ ಜಗಳ 2009ರಾಗ ಆತು. ಆ ಜುಲೈನ್ಯಾಗ ಯೂ-ಟೂ ತಂಡ ಮತ್ತ ತಮ್ಮ ಊರಿಗೆ ಬಂದು 24, 25, 27ನೇ ತಾರೀಖು ಮೂರ ಕಾರ್ಯಕ್ರಮ ಕೊಟ್ರು. ಏಡಿಯ ಕಾಲಿನ ಹಂಗ ಕಾಣೋ ಒಂದ ದೈತ್ಯ ವೇದಿಕಿ ಅವರದು. ಅದನ್ನ ಲಗೂನ ಬಿಚ್ಚಿ ಮುಂದಿನ ಊರಿಗೆ, ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಒಯ್ಯಬೇಕಿತ್ತು. ಕೊನೀ ಕಾರ್ಯಕ್ರಮ ಮುಗದ ರಾತ್ರಿ ಓಣಿಯ ಮಂದಿ ಮನಿಯಿಂದ ಹೊರಗ ಬಂದು ಲಾರಿಗಳ ದಾರಿಗೆ ಅಡ್ಡ ನಿಂತ್ರು. ಮೂರು ದಿನ ತಡಕೊಂಡೀವಿ, ಈಗ ರಾತ್ರಿಯಿಡೀ ಕಬ್ಬಿಣ ಬಡಿಯೋದು ನಮಗ ಒಪ್ಪಿಗಿಲ್ಲ ಅಂದ್ರು. ಲಾರಿಗಳು ತಡಾ ಆದ್ವು. ಹಾಡಿನ ಮ್ಯಾಲೆ ಅವರಿಗೇನೂ ಸಿಟ್ಟಿದ್ದಿಲ್ಲ, ಹಾಡಿದವರು ಅವರ ಊರಿನ ಹುಡುಗ್ರ. ಸಿಟ್ಟು ಇದ್ದದ್ದು ತಮ್ಮನ್ನ ಕೇಳದ ತಮ್ಮ ರಾತ್ರಿನ ಯಾರಿಗೋ ಕೊಟ್ಟಿದ್ದಕ್ಕ.

ಈಗ 2014ಕ್ಕ ಬರೋಣ, ಕತಿಯ ಮುಖ್ಯ ಭಾಗ ಇದ.

ಗಾರ್ತ್ ಬ್ರೂಕ್ಸ್ ಅಂತ ಅಮೆರಿಕಾದ ಗಾಯಕ. ಅಲ್ಲಿನ ಹಳ್ಳಿ ಹಾಡಿನ ಧಾಟಿಯೊಳಗ ಹಾಡ್ತಾನ. ಐರ್ಲೆಂಡಿನ ಮಂದಿಗೆ ಅವನಂದ್ರ ಜೀವ. ಭಾಳ ವರ್ಷ ಸಂಸಾರ, ಮಕ್ಕಳು ಅಂತ ಮನ್ಯಾಗಿದ್ದು ಮತ್ತ ಹಾಡಾಕ ಹೊಂಟಿದ್ದ, ಕ್ರೋಕ್ ಪಾರ್ಕಿನಿಂದ ಸುರು ಮಾಡ್ತೀನಿ ಅಂದ. 2014ರ ಜನವರಿಯಾಗ ಸುದ್ದಿ ಬಂತು: ಜುಲೈ 25, 26 ಎರಡು ದಿನ. ಟಿಕೆಟ್ ಮಾರಾಕ ಸುರು ಮಾಡಿದ್ರ ಮಂದಿ ಚಳಿಯೊಳಗ ರಾತ್ರಿಯಿಡೀ ಪಾಳಿ ಹಚ್ಚಿದ್ರು. ಎರಡಿದ್ದದ್ದು ಮೂರಾತು, ಮೂರಿದ್ದದ್ದು ಐದಾತು. ಜುಲೈ 25ರ ಶುಕ್ರವಾರದಿಂದ 29ರ ಮಂಗಳವಾರದ ತನಕ ಒಂದ ಸವನ ಐದು ರಾತ್ರಿ. ಒಟ್ಟು 4 ಲಕ್ಷ ಟಿಕೆಟು ಹೋದ್ವು. ಆಗ ಆ ದೇಶದ ಜನಸಂಖ್ಯೆನ 46 ಲಕ್ಷದ ಸುಮಾರು. ಹನ್ನೆರಡು ಮಂದಿಯೊಳಗ ಒಬ್ಬರ ಲೆಕ್ಕಕ್ಕ ಟಿಕೆಟು!

ಅದೇ ವರ್ಷ ಮೇ ತಿಂಗಳಿನ್ಯಾಗ ಒನ್ ಡೈರೆಕ್ಷನ್ ಅನ್ನೋ ಹುಡುಗರ ತಂಡದ್ದು ಮೂರು ಕಾರ್ಯಕ್ರಮ ಮೊದಲ ಗೊತ್ತಾಗಿದ್ವು. ಅಂದ್ರ ವರ್ಷದ ಮೂರರ ಪಾಲು ಅಲ್ಲೇ ಮುಗೀತು. ಈಗ ಅದರ ಮ್ಯಾಲೆ ಐದು. ಮೂರು ಅಂದಿದ್ದು ಎಂಟು ಆತು. ಓಣಿಯವರು, ನಮಗ ಕೊಟ್ಟ ಮಾತು ಏನಾತು ಅಂತ ಕೇಳಿದ್ರು.

ಇಲ್ಲೆ ಒಂದ ವಿಷಯ ಲಕ್ಷ್ಯ ಇಟ್ಟು ನೋಡ್ರಿ. ಟಿಕೆಟು ಮಾರಿದ್ದು ಮೊದಲ, ಲೈಸೆನ್ಸಿಗೆ ಅರ್ಜಿ ಹಾಕಿದ್ದು ಆಮ್ಯಾಲೆ. ಲೈಸೆನ್ಸ್ ಸಿಕ್ಕರ ಅಂತ ಟಿಕೆಟಿನ್ಯಾಗ ಒಂದ ಸಣ್ಣ ಷರತ್ತು ಇತ್ತು ಖರೆ, ಆದ್ರ ಅದನ್ನ ಓದಿ ಯಾರು ಪಾಳಿ ಹಚ್ತಾರ? ಆಗಿನ ಕಾಯ್ದೆ ಪ್ರಕಾರ ಕಾರ್ಯಕ್ರಮಕ್ಕ ಹತ್ತು ವಾರ ಮೊದಲ ಅರ್ಜಿ ಹಾಕಿದ್ರ ಸಾಕಿತ್ತು. ಲಗ್ನಪತ್ರಿಕಿ ಹಂಚಿ, ಅಡಗಿಯವರಿಗೆ ಮುಂಗಡ ಕೊಟ್ಟು, ಆಮ್ಯಾಲೆ ಹುಡುಗಿ ಮನಿಗೆ ಹೋಗಿ ನಿಮ್ಮ ಮಗಳನ್ನ ಕೊಡ್ತೀರೇನು ಅಂತ ಕೇಳಿದ ಹಂಗಾತು. ಇಲ್ಲ ಅಂದವರ ಕೆಟ್ಟವರಾಗ್ತಾರ.

ಓಣಿಯವರು ನೂರಾರು ತಕರಾರು ಅರ್ಜಿ ಕೊಟ್ರು. ಐದು ರಾತ್ರಿ ಸಪ್ಪಳ, ಅದರಾಗ ಸೋಮವಾರ-ಮಂಗಳವಾರ ಕೆಲಸದ ದಿನ, ದಿನಾ 80,000 ಮಂದಿ, ಮನ್ಯಾಗ ವಯಸ್ಸಾದವರು, ಸಣ್ಣ ಮಕ್ಕಳು. ಅರ್ಜಿಗಳೊಳಗ ಕೆಲವು ಸಹಿ ಸುಳ್ಳು ಅಂತ ಆರೋಪನೂ ಬಂತು, ಪೊಲೀಸರು ವಿಚಾರಣಿ ಮಾಡಿದ್ರು. ಅದನ್ನೂ ಹೇಳಬೇಕಾಗ್ತೈತಿ, ಯಾಕಂದ್ರ ಇದ್ದ ತಕರಾರಿನ ತೂಕನೂ ಆ ಆರೋಪದಿಂದ ಕಡಿಮಿ ಆತು. ಓಣಿ ಎಲ್ಲಾ ಒಂದ ಮಾತಿನ್ಯಾಗ ಇತ್ತು ಅಂತನೂ ಅಲ್ಲ. ಅಂಗಡಿ-ಖಾನಾವಳಿ ಇದ್ದವರಿಗೆ, ಮನ್ಯಾಗಿನ ಖೋಲಿ ಬಾಡಗಿ ಕೊಡೋರಿಗೆ ಅದು ಸುಗ್ಗಿ. ಒಂದ ಗ್ವಾಡಿಯ ಈ ಕಡೆ ಮನಿ ಬೇಕು ಅಂತಿತ್ತು, ಆ ಕಡೆ ಮನಿ ಬ್ಯಾಡ ಅಂತಿತ್ತು. ಹಿಂಗಾದಾಗ ಹಬ್ಬಕ್ಕ ಕೊಟ್ಟು-ತಗೊಳ್ಳೋ ಮಂದಿ ಮಾತು ಬಿಡ್ತಾರ. ಮೈದಾನದವರಿಗೂ ಓಣಿಯವರಿಗೂ ನಡುವ ಮಾತುಕತಿ ಮಾಡಸಾಕ ಕೀರನ್ ಮಲ್ವಿ ಅನ್ನೋರನ್ನ ಕರಸಿದ್ರು. ಕಾರ್ಖಾನಿಗಳ ಮಾಲಕರು-ಕಾರ್ಮಿಕರ ಜಗಳ ಬಗಿಹರಿಸೋದ್ರಾಗ ದೇಶಕ್ಕ ಹೆಸರಾದವರು ಅವರು. ಓಣಿಯ ಜಗಳ ಅವರಿಗೂ ಸುಲಭ ಆಗಲಿಲ್ಲ.

ಜುಲೈ 3ಕ್ಕ ನಗರಸಭೆಯ ತೀರ್ಮಾನ ಬಂತು. ಮೊದಲ ಮೂರು ದಿನಕ್ಕ ಪರವಾನಿಗಿ, ಸೋಮವಾರ-ಮಂಗಳವಾರಕ್ಕ ಇಲ್ಲ. ಒಂದ ಸವನ ಐದು ರಾತ್ರಿ, ಅದೂ ಮೇ ತಿಂಗಳ ಮೂರರ ಮ್ಯಾಲೆ, ಆ ಓಣಿಗಳಿಗೆ ಹೊರಲಾರದ ಭಾರ ಅನ್ನೋದು ಅದರ ತಾತ್ಪರ್ಯ. ಕಾರ್ಯಕ್ರಮಕ್ಕ ಉಳದದ್ದು ಮೂರ ವಾರ.

ಗಾಯಕ ಹೇಳಿದ್ದು ಒಂದ ಮಾತು: ಮಾಡಿದ್ರ ಐದೂ, ಇಲ್ಲಾಂದ್ರ ಒಂದೂ ಇಲ್ಲ. ಯಾವ ದಿನದವರಿಗೆ ಬರ್ರಿ ಅನ್ನಲಿ, ಯಾವ ದಿನದವರಿಗೆ ಬ್ಯಾಡ ಅನ್ನಲಿ, ಮಕ್ಕಳೊಳಗ ಒಂದನ್ನ ಆರಿಸು ಅಂದಂಗಾತು ಅನ್ನೋದು ಅವನ ಸಂಕಟ. ಉಳದ ಎರಡನ್ನ ಮಧ್ಯಾನ ಮಾಡೋಣ ಅಂತ ಒಂದ ದಾರಿ ಹುಡುಕಿದ್ರು, ಅದನ್ನ ಅವ ಒಪ್ಪಲಿಲ್ಲ. ಪ್ರಧಾನಮಂತ್ರಿ ಮಾತಾಡಿದ್ರು, ಸಂಸತ್ತಿನ ಸಮಿತಿ ಕುಂತು ಎಲ್ಲಾರನ್ನೂ ಕರದು ಕೇಳಿತು. ಮೆಕ್ಸಿಕೋ ದೇಶದ ರಾಯಭಾರಿ ಸೈತ ನಾ ನಡುವ ಬರ್ತೀನಿ ಅಂದ್ರು! ಏನೂ ಆಗಲಿಲ್ಲ. ಜುಲೈ ನಡುವಿನ ಹೊತ್ತಿಗೆ ಐದೂ ರದ್ದಾದ್ವು. 4 ಲಕ್ಷ ಟಿಕೆಟಿನ ರೊಕ್ಕ ವಾಪಸ್ ಮಾಡಿದ್ರು.

ಆ ತಿಂಗಳು ಓಣಿಯವರ ಮ್ಯಾಲೆ ಬಂದ ಮಾತು ಕೇಳಬಾರದು. ದೇಶದ ಮಾನ ಕಳದ್ರು, ಹೋಟೆಲಿನವರ ಹೊಟ್ಟಿ ಮ್ಯಾಲೆ ಹೊಡದ್ರು ಅಂತ. ವಿಮಾನದ ಟಿಕೆಟು ತಗಸಿ ದೂರದೇಶದಿಂದ ಬರೋರು ಇದ್ರು, ಅವರ ದುಃಖನೂ ಖರೇನ. ವರ್ಷಗಟ್ಟಲೆ ಕಾದ ಒಂದ ಸಂಜಿ ಕೈ ಬಿಟ್ಟು ಹೋದ್ರ ಯಾರಿಗೆ ಸಂಕಟಾಗಂಗಿಲ್ಲ? ಆದ್ರ ನಂಗ ಅನಸೋದು ಇಷ್ಟ: ಆ ಸಂಕಟಕ್ಕ ಕಾರಣ ಓಣಿಯ ಹೆಣ್ಮಕ್ಕಳಲ್ಲ. ಕೇಳೋ ಮೊದಲ ಮಾರಿದವರದು ತಪ್ಪು, ಮಾರಾಕ ಬಿಟ್ಟ ಕಾಯ್ದೇದು ತಪ್ಪು. ಓಣಿಯವರು ಐದಕ್ಕ ಬ್ಯಾಡ ಅಂದಿದ್ರು, ನಗರಸಭೆ ಮೂರಕ್ಕ ಹೂಂ ಅಂದಿತ್ತು. ಮೂರೂ ಹೋಗಿದ್ದು ಗಾಯಕನ ಹಟಕ್ಕ. ಬೈಗಳ ಮಾತ್ರ ಬಾಗಲಾ ಮುಂದ ಕುಂತವರಿಗೆ ಬಂತು, ಯಾಕಂದ್ರ ಅವರ ವಿಳಾಸ ಎಲ್ಲಾರಿಗೂ ಗೊತ್ತಿತ್ತು.

ಮರುವರ್ಷ, 2015ರಾಗ, ಐರ್ಲೆಂಡಿನ ಸರಕಾರ ನಿಯಮ ತಿದ್ದಿತು. ಅರ್ಜಿ ಹತ್ತು ವಾರಲ್ಲ, ಹದಿಮೂರು ವಾರ ಮೊದಲ ಹಾಕಬೇಕು, ಅದಕ್ಕೂ ಮೊದಲ ಆಯೋಜಕರು ನಗರಸಭೆಯ ಜೋಡಿ ಕುಂತು ಮಾತಾಡಬೇಕು ಅಂತ. ಇಷ್ಟ ಸಣ್ಣ ತಿದ್ದುಪಡಿಗೆ ಅಷ್ಟು ದೊಡ್ಡ ರಾದ್ಧಾಂತ ಬೇಕಾತು ನೋಡ್ರಿ.

ಕತಿ ಅಲ್ಲಿಗೆ ಮುಗೀಲಿಲ್ಲ. ಎಂಟು ವರ್ಷಕ್ಕ ಅದೇ ಗಾಯಕ ಅದೇ ಮೈದಾನಕ್ಕ ಬಂದ. 2022ರ ಸೆಪ್ಟೆಂಬರ್. ಎಷ್ಟು ಕಾರ್ಯಕ್ರಮ? ಐದ! ಆದ್ರ ಈ ಸಲ ಮೊದಲ ಪರವಾನಿಗಿ, ಆಮ್ಯಾಲೆ ಟಿಕೆಟು. 9, 10, 11 ಶುಕ್ರವಾರದಿಂದ ರವಿವಾರ, ನಡುವ ನಾಲ್ಕು ದಿನ ಉಸಿರಾಡಾಕ ಬಿಡುವು, ಆಮ್ಯಾಲೆ 16, 17. ಸೋಮವಾರ-ಮಂಗಳವಾರ ಇಲ್ಲ. ಐದಕ್ಕ ಐದೂ ನಡದ್ವು. ಓಣಿಯವರೆಲ್ಲಾ ಖುಷಿ ಇದ್ರು ಅಂತ ನಾ ಹೇಳಂಗಿಲ್ಲ, ಐದು ಐದ. ಆದ್ರ 2014ರಾಗ ಇದ ಆಗಬಹುದಿತ್ತು ಅನ್ನೋದು ಇದರಿಂದ ಗೊತ್ತಾಗ್ತೈತಿ. ಕೇಳೋ ಪದ್ಧತಿ ಒಂದ ಬದಲಾಗಿದ್ರ ಸಾಕಿತ್ತು.

ಇದು ಒಂದ ಊರಿನ ಕತಿ ಅಲ್ಲ. ಸ್ಪೇನಿನ ಮ್ಯಾಡ್ರಿಡ್ಡಿನ್ಯಾಗ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಬೆರ್ನಬೇವು ಕ್ರೀಡಾಂಗಣ ಐತಿ, ಅದೂ ಮನಿಗಳ ನಡುವ. ಕೋಟಿಗಟ್ಟಲೆ ಖರ್ಚು ಮಾಡಿ, ಮಾಳಗಿ ತಗದು ಹಾಕೋ ಹಂಗ ಮಾಡಿ ಹೊಸಾದ ಕಟ್ಟಿದ್ರು. 2024ರಾಗ ಅಲ್ಲೆ ಸಾಲಾಗಿ ಹಾಡಿನ ಕಾರ್ಯಕ್ರಮ ಸುರು ಆದ್ವು, ಮೇ 29, 30ಕ್ಕ ಟೇಲರ್ ಸ್ವಿಫ್ಟ್ ಬಂದಿದ್ಲು. ಸುತ್ತಲಿನ ಮನಿಯವರು ಸಪ್ಪಳ ಅಳದು, ದಾಖಲಿ ಮಾಡಿ, ಕೋರ್ಟಿಗೆ ಹೋದ್ರು. ಆ ಸೆಪ್ಟೆಂಬರಿನ್ಯಾಗ ಕ್ಲಬ್ಬು ತಾನ ಮುಂದಿನ ಕಾರ್ಯಕ್ರಮ ನಿಲ್ಲಿಸಬೇಕಾತು. ಅಷ್ಟು ರೊಕ್ಕ ಸುರಿದವರು ಕಟ್ಟೋ ಮೊದಲ ಸಪ್ಪಳದ ವಿಚಾರ ಸರಿಯಾಗಿ ಮಾಡಿದ್ರ ಇದ ಬರತಿದ್ದಿಲ್ಲ.

ತಕರಾರು ಹಾಕಿದವರ ಗೆಲ್ತಾರ ಅಂತನೂ ಅಲ್ಲ. ಲಂಡನ್ನಿನ ಚೆಲ್ಸಿ ಕ್ಲಬ್ಬು 60,000 ಮಂದಿ ಹಿಡಿಯೋ ಹೊಸ ಕ್ರೀಡಾಂಗಣ ಕಟ್ಟಾಕ 2017ರಾಗ ಪರವಾನಿಗಿ ತಗೊಂಡಿತ್ತು. ಐವತ್ತು ವರ್ಷದಿಂದ ಮಗ್ಗಲದಾಗ ಇದ್ದ ಒಂದ ಕುಟುಂಬ, ಇಷ್ಟ ಎತ್ತರ ಕಟ್ಟಿದ್ರ ನಮ್ಮ ಮನಿಗೆ ಬರೋ ಬೆಳಕು ಹೋಗ್ತೈತಿ ಅಂತ ಕೋರ್ಟಿಗೆ ಹೋತು. ಬೆಳಕಿಗೂ ಹಕ್ಕು ಐತಿ ಆ ದೇಶದಾಗ. 2018ರ ಜನವರಿಯಾಗ ಅಲ್ಲಿನ ಸ್ಥಳೀಯ ಆಡಳಿತ ತನ್ನ ವಿಶೇಷ ಅಧಿಕಾರ ಬಳಸಿ ಆ ಹಕ್ಕನ್ನ ಬದಿಗೆ ಸರಿಸಿತು, ಪರಿಹಾರ ಮಾತ್ರ ತಗೋರಿ ಅಂತು. ಆದ್ರ ಕ್ಲಬ್ಬಿನ ಮಾಲಕರ ಬ್ಯಾರೆ ತೊಂದರಿಯಿಂದ ಅದ ವರ್ಷ ಮೇ ತಿಂಗಳಿನ್ಯಾಗ ಯೋಜನಾನ ನಿಂತು ಹೋತು.

ನಮ್ಮಲ್ಲಿ ಏನೈತಿ? ರಾತ್ರಿ ಹತ್ತರಿಂದ ಮುಂಜಾನೆ ಆರರ ತನಕ ಧ್ವನಿವರ್ಧಕ ಹಚ್ಚಬಾರದು ಅನ್ನೋ ನಿಯಮ ಐತಿ. 2005ರ ಜುಲೈನ್ಯಾಗ ಸುಪ್ರೀಂ ಕೋರ್ಟು ಅದನ್ನ ಗಟ್ಟಿ ಮಾಡಿ ಹೇಳೇತಿ. ಸಮಾಧಾನದಿಂದ ನಿದ್ದಿ ಮಾಡೋದೂ ಬದುಕೋ ಹಕ್ಕಿನೊಳಗ ಬರ್ತೈತಿ, ಒಲ್ಲದವರ ಕಿವಿಗೆ ಸಪ್ಪಳ ತುರುಕೋ ಹಕ್ಕು ಯಾರಿಗೂ ಇಲ್ಲ ಅನ್ನೋದು ಆ ತೀರ್ಪಿನ ಸಾರ. ಹಬ್ಬ-ಹರಿದಿನಕ್ಕ ಅಂತ ರಾಜ್ಯ ಸರಕಾರ ವರ್ಷಕ್ಕ ಹೆಚ್ಚಂದ್ರ ಹದಿನೈದು ದಿನ ರಾತ್ರಿ ಹನ್ನೆರಡರ ತನಕ ಸಡಲ ಬಿಡಬಹುದು. ನೋಡ್ರಿ, ಇಲ್ಲಿಯೂ ಒಂದ ಅಂಕಿ ಐತಿ. ಅವರಿಗೆ ಮೂರಿದ್ದ ಹಂಗ ನಮಗ ಹದಿನೈದು. ಆದ್ರ ಆ ಅಂಕಿ ನಮ್ಮ ಓಣಿಯ ಎಷ್ಟು ಮಂದಿಗೆ ಗೊತ್ತೈತಿ? ಗೊತ್ತಿಲ್ಲದ ಅಂಕಿ ಯಾರನ್ನೂ ಕಾಯಂಗಿಲ್ಲ.

ನಮ್ಮ ಊರುಗಳೊಳಗೂ ಈಗ ಒಂದೊಂದ ಹಳೇ ಮೈದಾನಕ್ಕ ಹೊಸಾ ರೂಪ ಬರಾಕ ಹತ್ತೇತಿ. ದೊಡ್ಡ ದೀಪ, ಗ್ಯಾಲರಿ, ಅಂಗಡಿ ಸಾಲು. ಬರಲಿ, ಮಕ್ಕಳು ಆಡಲಿ, ಯಾರು ಬ್ಯಾಡ ಅಂತಾರ? ಆದ್ರ ನಕ್ಷೆ ಕಾಗದದ ಮ್ಯಾಲೆ ಇರೋ ಮುಂದನ ಓಣಿಯವರು ಹೋಗಿ ನಾಲ್ಕು ಮಾತು ಕೇಳಬೇಕು. ಆಟ ಬಿಟ್ಟು ಬ್ಯಾರೆ ಕಾರ್ಯಕ್ರಮ ವರ್ಷಕ್ಕ ಎಷ್ಟು? ಸ್ಪೀಕರಿನ ಮಾರಿ ಯಾವ ಕಡೆ? ರಾತ್ರಿ ಎಷ್ಟಕ್ಕ ಬಂದ್, ಮತ್ತ ಬಿಚ್ಚೋ ಕೆಲಸ ಯಾವಾಗ? ತೊಂದರಿ ಆದ್ರ ಫೋನ್ ಎತ್ತೋರು ಯಾರು? ಇದಕ್ಕ ಬಾಯಿಮಾತಿನ ಉತ್ತರ ತಗೋಬ್ಯಾಡ್ರಿ, ಬರಹದಾಗ ತಗೋರಿ, ಅಂಕಿಯೊಳಗ ತಗೋರಿ. ಸಹಿ ಮಾಡೋರು ತಮ್ಮ ಕೈಯಾರೆ ಮಾಡ್ರಿ, ಒಬ್ಬರ ಹೆಸರು ಇನ್ನೊಬ್ಬರು ಬರೀಬ್ಯಾಡ್ರಿ. ತಾರೀಖಿನೊಳಗ ಕೊಡ್ರಿ, ಪೋಚ್ ತಗೊಂಡು ಇಡ್ರಿ. ಮಗ್ಗಲ ಮನಿಯಾಕಿಗೆ ಅದೇ ಗದ್ದಲ ಹೊಟ್ಟಿಪಾಡು ಆಗಿದ್ರ ಆಕಿನ್ನ ವೈರಿ ಮಾಡ್ಕೋಬ್ಯಾಡ್ರಿ, ಆಕಿನ್ನೂ ಕರಕೊಂಡ ಕುಂತು ಎಷ್ಟಕ್ಕ ಒಪ್ಪಬಹುದು ಅಂತ ಮಾತಾಡ್ರಿ.

ಡಬ್ಲಿನ್ನಿನ ಆ ಓಣಿಯವರ ಕೈಯಾಗ ರೊಕ್ಕ ಇದ್ದಿಲ್ಲ, ಮಂತ್ರಿಗಳು ಅವರ ಕಡೆ ಇದ್ದಿಲ್ಲ, ಪೇಪರಿನವರೂ ಅಷ್ಟಕ್ಕಷ್ಟ. ಅವರ ಕೈಯಾಗ ಇದ್ದದ್ದು ಹಳೇ ಪರವಾನಿಗಿಯೊಳಗ ಬರಸಿಟ್ಟ ಒಂದ ಅಂಕಿ. 1990ರ ದಶಕದಾಗ ಆ ಮೂರು ಅನ್ನೋದಕ್ಕ ಹಟ ಹಿಡದವರು ಯಾರೋ, ಅವರೊಳಗ ಎಷ್ಟೋ ಮಂದಿ 2014ಕ್ಕ ಬದುಕಿರಲಿಕ್ಕಿಲ್ಲ. ಅವರು ಬರಸಿಟ್ಟಿದ್ದು ಮಾತ್ರ ಅವರ ಮಕ್ಕಳಿಗೆ ಬಂತು.